ಪತಂಗದ ಕನ್ಯಾಶುಲ್ಕ

ಪತಂಗವೆಂದೊಡನೆ ನಮ್ಮ ಕವಿಗಳಿಗೆ ದೀಪದ ನೆನಪಾಗುವುದು ರೂಢಿ. ಉರಿಯ ಮೋಹಕ್ಕೆ ಬಿದ್ದು ರೆಕ್ಕೆ ಸುಟ್ಟುಕೊಳ್ಳುವ ಆ ಬಡಜೀವಿ ಶತಮಾನಗಳಿಂದ ಕುರುಡು ಪ್ರೇಮದ ಪ್ರತೀಕವಾಗಿ ಕಾವ್ಯದಲ್ಲಿ ದುಡಿಯುತ್ತ ಬಂದಿದೆ. ಆದರೆ ದೀಪಕ್ಕೂ ಪತಂಗದ ಪ್ರಣಯಕ್ಕೂ ಯಾವ ಸಂಬಂಧವೂ ಇಲ್ಲ. ಅದರ ಪ್ರಣಯ ಬಹುಮಟ್ಟಿಗೆ ನಡೆಯುವುದು ಗಂಧದ ಮೂಲಕ. ಅದರಲ್ಲಿ ಕುರುಡುತನಕ್ಕಿಂತ ಲೆಕ್ಕಾಚಾರವೇ ಹೆಚ್ಚು.

ಚೆನ್ನಾಗಿ ಪರೀಕ್ಷಿಸಿ ನೋಡಿದ ಉದಾಹರಣೆಯೊಂದು ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿದೆ. ಆ ಪತಂಗದ ಶಾಸ್ತ್ರೀಯ ನಾಮ ಯುಟೆಥೈಸಾ ಆರ್ನಾಟ್ರಿಕ್ಸ್. ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆ ಅಂಗುಲ. ಮುಂದಿನ ರೆಕ್ಕೆ ಹಳದಿ ಬೆರೆತ ಕಿತ್ತಳೆ, ಅದರ ಮೇಲೆ ಬಿಳಿಯ ಪಟ್ಟೆ, ಕರಿಯ ಚುಕ್ಕೆ. ಹಿಂದಿನ ರೆಕ್ಕೆ ನಸುಗೆಂಪು. ಕಾರ್ನೆಲ್ ವಿಶ್ವವಿದ್ಯಾನಿಲಯದ ಕೀಟವಿಜ್ಞಾನಿ ಥಾಮಸ್ ಐಸ್ನರ್ ಅವರು ೧೯೬೦ರ ದಶಕದಲ್ಲಿ ಇದನ್ನು ಗಮನಿಸುತ್ತಿದ್ದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಪತಂಗ ದೊಡ್ಡ ಜೇಡನ ಬಲೆಗೆ ಸಿಕ್ಕಿತು. ಆದರೆ ಬಿಡಿಸಿಕೊಳ್ಳಲು ಹೆಣಗದೆ ಸುಮ್ಮನಿತ್ತು. ಜೇಡ ಧಾವಿಸಿ ಬಂದು, ಮುಟ್ಟಿ ನೋಡಿ, ಸುತ್ತಲಿನ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಅದನ್ನು ಹೊರಕ್ಕೆ ಬಿಟ್ಟಿತು. ಬಲೆ ನೇಯ್ದವನೇ ಬಲೆ ಹರಿದು ಅತಿಥಿಯನ್ನು ಬೀಳ್ಕೊಟ್ಟಂತೆ!

ಕಾರಣ, ಪತಂಗದ ಮೈಯೊಳಗಿನ ವಿಷ. ಆ ವಿಷ ಗಿಡದಿಂದ ಬಂದದ್ದು. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಸೆಣಬಿನ ಕುಲಕ್ಕೆ ಸಸ್ಯಶಾಸ್ತ್ರದಲ್ಲಿ ಕ್ರೊಟಲೇರಿಯಾ ಎಂದು ಹೆಸರು. ಒಣಗಿದ ಕಾಯನ್ನು ಅಲುಗಿಸಿದರೆ ಒಳಗಿನ ಬೀಜ ಗೆಜ್ಜೆಯಂತೆ ಸದ್ದುಮಾಡುತ್ತದೆ. ಭಾರತದ ಕಡೆಯದೇ ಆದ ಅದರ ಒಂದು ಜಾತಿಯನ್ನು ೨೦ನೆಯ ಶತಮಾನದ ಮೊದಲ ಭಾಗದಲ್ಲಿ ಗೊಬ್ಬರದ ಬೆಳೆಯೆಂದು ಫ್ಲಾರಿಡಾಕ್ಕೆ ಒಯ್ದರು. ತಿಂದ ದನ, ಕುದುರೆಗಳು ಸತ್ತ ಮೇಲೆ ಅದರ ಗುಣ ತಿಳಿಯಿತು. ಬೆಳೆಯನ್ನು ಕೈಬಿಟ್ಟರೂ ಗಿಡ ಅಲ್ಲಿ ಕಾಡುಗಿಡವಾಗಿ ಉಳಿಯಿತು; ಅಲ್ಲಿಯವೇ ಆದ ಜಾತಿಗಳೊಡನೆ ಈ ಪರದೇಶಿಯೂ ಪತಂಗಕ್ಕೆ ಒದಗಿತು. ಮಾನೊಕ್ರೋಟಲೀನ್ ಮೊದಲಾದ ಆಲ್ಕಲಾಯ್ಡುಗಳು ಇದರ ಬೀಜದಲ್ಲಿ ವಿಶೇಷವಾಗಿವೆ. ಪತಂಗದ ಮರಿಹುಳು ಕಾಯನ್ನು ಕೊರೆದು ಬೀಜವನ್ನೇ ತಿನ್ನುತ್ತದೆ. ಹೀಗೆ ಬಾಲ್ಯದಲ್ಲಿ ಕೂಡಿಟ್ಟ ವಿಷ, ಕೋಶದ ಅವಸ್ಥೆಯನ್ನು ದಾಟಿ ರೆಕ್ಕೆ ಮೂಡಿದ ಮೇಲೂ ಮೈಯಲ್ಲಿರುತ್ತದೆ. ವಿಷವಿಲ್ಲದ ಆಹಾರದಿಂದ ಸಾಕಿದ ಪತಂಗಗಳನ್ನು ಬಲೆಗೆ ಹಾಕಿದಾಗ ಜೇಡ ತಡಮಾಡದೆ ತಿಂದಿತು.

ಇಷ್ಟೇ ಆಗಿದ್ದರೆ ಇದು ಆತ್ಮರಕ್ಷಣೆಯ ಕಥೆಯಾಗಿ ಮುಗಿಯುತ್ತಿತ್ತು. ಸ್ವಾರಸ್ಯವಿರುವುದು ಮುಂದೆ. ಮುಸ್ಸಂಜೆಯಲ್ಲಿ ಹೆಣ್ಣು ಗಿಡದ ಮೇಲೆ ಕುಳಿತು ತನ್ನ ಗಂಧವನ್ನು ಮಿಡಿತ ಮಿಡಿತವಾಗಿ ಗಾಳಿಗೆ ಬಿಡುತ್ತದೆ. ಅದರ ಜಾಡು ಹಿಡಿದು ಗಂಡು ಬರುತ್ತದೆ. ಬಂದ ಮಾತ್ರಕ್ಕೆ ವರನಾಗಲಿಲ್ಲ. ಹೆಣ್ಣಿನ ಸುತ್ತ ಸುಳಿದಾಡಿ, ಹೊಟ್ಟೆಯ ತುದಿಯಿಂದ ಕುಂಚದಂಥ ಎರಡು ಗೊಂಚಲುಗಳನ್ನು ಹೊರಚಾಚಿ ಅದರತ್ತ ನೀಡುತ್ತದೆ. ಆ ಕುಂಚಗಳಲ್ಲಿರುವುದು ಹೈಡ್ರಾಕ್ಸಿಡನೈಡಾಲ್ ಎಂಬ ಗಂಧದ್ರವ್ಯ. ಒಪ್ಪಿಗೆಯಾದರೆ ಹೆಣ್ಣು ರೆಕ್ಕೆಯೆತ್ತುತ್ತದೆ.

ಈ ದ್ರವ್ಯವನ್ನು ಗಂಡು ತಯಾರಿಸುವುದು ಬಾಲ್ಯದಲ್ಲಿ ತಿಂದ ಅದೇ ಆಲ್ಕಲಾಯ್ಡಿನಿಂದ. ಐಸ್ನರ್, ರಸಾಯನಶಾಸ್ತ್ರಜ್ಞ ಜೆರೋಲ್ಡ್ ಮೈನ್‌ವಾಲ್ಡ್ ಮತ್ತು ಸಂಗಡಿಗರು ೧೯೮೧ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ವಿಷವಿಲ್ಲದೆ ಬೆಳೆದ ಗಂಡುಗಳ ಕುಂಚದಲ್ಲಿ ಈ ಗಂಧವೇ ಇರಲಿಲ್ಲ. ಹೆಣ್ಣುಗಳು ಅವನ್ನು ಒಪ್ಪಿದ್ದೂ ಕಡಿಮೆ. ಹೆಚ್ಚು ಆಲ್ಕಲಾಯ್ಡ್ ಕೂಡಿಟ್ಟ ಗಂಡಿನಲ್ಲಿ ಗಂಧವೂ ಹೆಚ್ಚು. ವರ ಪೂಸಿಕೊಂಡು ಬಂದ ಅತ್ತರಿನಿಂದಲೇ ಅವನ ತಿಜೋರಿಯ ಹಣವನ್ನು ಎಣಿಸಬಲ್ಲ ಜಾಣ ವಧುವನ್ನು ಊಹಿಸಿಕೊಂಡರೆ ವಾಚಕರಿಗೆ ವಿಷಯ ಸ್ಪಷ್ಟವಾದೀತು.

ಎಣಿಸಿ ಆಗುವ ಲಾಭವೇನು? ಸಮಾಗಮದಲ್ಲಿ ಗಂಡು ವೀರ್ಯದೊಡನೆ ಒಂದು ಗಂಟನ್ನೇ ಒಪ್ಪಿಸುತ್ತದೆ. ಅದರ ತೂಕ ಗಂಡಿನ ಮೈತೂಕದ ಸುಮಾರು ಶೇಕಡಾ ೧೦. ಅದರಲ್ಲಿ ಪೋಷಕಾಂಶವೂ ಉಂಟು, ಆಲ್ಕಲಾಯ್ಡೂ ಉಂಟು. ನಮ್ಮಲ್ಲಿ ಕೆಲವು ಸಮುದಾಯಗಳಲ್ಲಿ ವರನ ಕಡೆಯವರು ತೆರ ಕೊಡುತ್ತಿದ್ದರಷ್ಟೆ. ಇದು ಅಂಥದೇ, ಆದರೆ ಮಾವನ ಕೈಗೆ ಹೋಗದೆ ವಧುವಿಗೇ ಸಲ್ಲುವ ತೆರ. ಅದನ್ನು ಪಡೆದ ಮೇಲೆ, ಮೊದಲು ವಿಷವಿಲ್ಲದಿದ್ದ ಹೆಣ್ಣನ್ನೂ ಜೇಡ ತಿನ್ನದೆ ಬಿಡುತ್ತದೆ. ಹೆಣ್ಣು ಎಲ್ಲವನ್ನೂ ತನಗೇ ಇಟ್ಟುಕೊಳ್ಳುವುದಿಲ್ಲ. ತನ್ನ ಪಾಲನ್ನೂ ಕೂಡಿಸಿ ಮೊಟ್ಟೆಗಳಿಗೆ ಊಡುತ್ತದೆ. ತಾಯಿಯ ಪಾಲು ದೊಡ್ಡದು, ತಂದೆಯದು ಚಿಕ್ಕದು. ಆದರೂ ೧೯೮೮ರಲ್ಲಿ ಪ್ರಕಟವಾದ ಪ್ರಯೋಗಗಳ ಪ್ರಕಾರ ತಂದೆಯ ಪಾಲೊಂದೇ ಇದ್ದ ಮೊಟ್ಟೆಗಳಿಗೂ ಗುಲಗಂಜಿ ಹುಳುಗಳಿಂದ ರಕ್ಷಣೆ ದೊರೆಯಿತು.

ಹೆಣ್ಣು ಒಂದೇ ಮದುವೆಗೆ ನಿಲ್ಲುವುದಿಲ್ಲವೆಂಬುದನ್ನೂ ಹೇಳಬೇಕು. ಮೂರು ನಾಲ್ಕು ವಾರಗಳ ಆಯುಸ್ಸಿನಲ್ಲಿ ಸರಾಸರಿ ನಾಲ್ಕೈದು ವರರಿಂದ ತೆರ ವಸೂಲು ಮಾಡುತ್ತದೆ. ಮರಿಗಳ ತಂದೆಯಾಗುವವನು ಮಾತ್ರ ಬಹುಪಾಲು ಒಬ್ಬನೇ, ದೊಡ್ಡ ಗಾತ್ರದವನು.

ಬೀಜ ಎಲ್ಲರಿಗೂ ಸಾಲದು. ಬೀಜ ಸಿಕ್ಕದ ಮರಿಹುಳು ಸ್ವಜಾತಿಯ ಮೊಟ್ಟೆಯನ್ನು ಹುಡುಕಿ ತಿನ್ನುವುದುಂಟು, ಅದರಲ್ಲೂ ವಿಷವುಳ್ಳ ಮೊಟ್ಟೆಯನ್ನೇ ಆರಿಸಿ. ಹೆತ್ತವರಿಬ್ಬರೂ ಸೇರಿ ತೊಡಿಸಿದ ಕವಚವೇ ಇಲ್ಲಿ ಮೃತ್ಯುವಿಗೆ ಕರೆಯಾಗುತ್ತದೆ.

ಈ ಪತಂಗದ ದಾಯಾದಿ ನಮ್ಮ ದೇಶದಲ್ಲಿಯೂ ಇದೆ: ಬಿಳಿಯ ರೆಕ್ಕೆಯ ಮೇಲೆ ಕೆಂಪು, ಕಪ್ಪು ಚುಕ್ಕೆಗಳುಳ್ಳ ಯುಟೆಥೈಸಾ ಪುಲ್ಚೆಲ್ಲಾ. ಸೆಣಬಿನ ಹೊಲದಲ್ಲಿ ರೋಮ ತುಂಬಿದ ಇದರ ಮರಿಹುಳುವಿಗೆ ಪೀಡೆಯೆಂದೇ ಹೆಸರು. ಎಲೆಯನ್ನು ತಿನ್ನುತ್ತದೆ, ಕಾಯಾದ ಮೇಲೆ ತೂತು ಕೊರೆದು ಬೀಜಕ್ಕೂ ಬಾಯಿಹಾಕುತ್ತದೆ.