ಇ-ಮೇಲ್ ಬರುವುದು ನಿಂತಾಗ: ದೋಷ ಪತ್ತೆ ಮತ್ತು ಪರಿಹಾರ

ಹಾಸನ ಜಿಲ್ಲೆಯಲ್ಲಿ ಆಲೂಗೆಡ್ಡೆ ಮುಂಗಾರಿನ ಒಂದು ಪ್ರಮುಖ ವಾಣಿಜ್ಯ ಬೆಳೆ. ಇದರ ಬಿತ್ತನೆ ಗೆಡ್ಡೆ ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಮೇ–ಜೂನ್ ತಿಂಗಳಲ್ಲಿ ಬಿತ್ತನೆ ಆಗಬೇಕಾದರೆ ಗೆಡ್ಡೆಯ ದರ, ಪ್ರಮಾಣ, ಲಾರಿ ಹೊರಡುವ ದಿನ ಇವೆಲ್ಲವೂ ಅದಕ್ಕೆ ಮೊದಲೇ ನಿಶ್ಚಯವಾಗಿರಬೇಕು. ಹಿಂದೆ ಇಂತಹ ವ್ಯವಹಾರ ಅಂಚೆ ಮತ್ತು ತಂತಿಯ ಮೂಲಕ ನಡೆಯುತ್ತಿತ್ತು. ಈಗ ಮಾತುಕತೆ ಫೋನಿನಲ್ಲಿ ಮುಗಿದರೂ ದರಪಟ್ಟಿ, ಬಿಲ್ಲು, ಬ್ಯಾಂಕಿನ ಪತ್ರ, ಜಿಎಸ್‌ಟಿ ಸೂಚನೆ ಮುಂತಾದ ದಾಖಲೆಗಳು ಇ-ಮೇಲ್ ಮೂಲಕವೇ ಬರುತ್ತವೆ.

ಗೊರೂರಿನ ಆಸುಪಾಸಿನಲ್ಲಿ ಒಂದು ರೈತ ಉತ್ಪಾದಕ ಕಂಪನಿಯ ಕಚೇರಿ ಇದೆ ಎಂದಿಟ್ಟುಕೊಳ್ಳೋಣ. ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿ ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಂತಹ ಮೇಲ್ ಪ್ರೋಗ್ರಾಂ ಇದೆ. ಒಂದು ದಿನ ಅದು ‘ಸರ್ವರ್ ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಂದೇಶ ತೋರಿಸುತ್ತದೆ. ನೆಟ್ ಸರಿ ಇಲ್ಲವೆಂದು ಗುಮಾಸ್ತರು ಸುಮ್ಮನಾಗುತ್ತಾರೆ. ಮೂರು ದಿನಗಳ ಮಟ್ಟಿಗೆ ಮಾತ್ರ ಊರ್ಜಿತವಾಗಿದ್ದ ದರಪಟ್ಟಿಯ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ. ಮಳೆ ಬಿದ್ದು ಭೂಮಿ ಹದಕ್ಕೆ ಬಂದಿದ್ದರೂ ಗೆಡ್ಡೆ ಬಂದಿರುವುದಿಲ್ಲ. ವಿಚಿತ್ರವೆಂದರೆ, ಆ ಪತ್ರ ಕಳೆದುಹೋಗಿರುವುದೇ ಇಲ್ಲ. ಕಂಪನಿಯ ಹೆಸರಿನ ಪೆಟ್ಟಿಗೆಯಲ್ಲಿ ಅದು ಮೂರು ದಿನವೂ ಬಿದ್ದಿರುತ್ತದೆ. ಕಚೇರಿಯ ಕಂಪ್ಯೂಟರಿಗೆ ಇಳಿದಿರುವುದಿಲ್ಲ, ಅಷ್ಟೆ.

ಇಂತಹ ನಷ್ಟ ತಪ್ಪಿಸಲು ಕಂಪ್ಯೂಟರ್ ತಜ್ಞತೆ ಬೇಕಿಲ್ಲ. ದೋಷ ಎಲ್ಲಿದೆ ಎಂಬುದನ್ನು ಕ್ರಮವಾಗಿ ಹುಡುಕುವ ತಾಳ್ಮೆ ಇದ್ದರೆ ಸಾಕು.

ಪತ್ರ ಬರುವ ದಾರಿ

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದಲ್ಲಿ ನೀರಿದ್ದರೂ ನಾಲೆಯ ಕೊನೆಯ ಭಾಗದ ಗದ್ದೆಗೆ ನೀರು ತಲುಪದಿರುವುದು ಅಚ್ಚುಕಟ್ಟಿನ ರೈತರಿಗೆ ಹೊಸ ಸಂಗತಿಯಲ್ಲ. ಆಗ ತಿಳಿದವರು ಮೊದಲು ತಮ್ಮ ಹೊಲಗಾಲುವೆಯಲ್ಲಿ ಹೂಳು ಅಥವಾ ಕಸ ಕಟ್ಟಿದೆಯೇ ಎಂದು ನೋಡುತ್ತಾರೆ. ಅನಂತರ ಉಪನಾಲೆ, ಅದರ ಮೇಲೆ ತೂಬು, ಹೀಗೆ ಕೆಳಗಿನಿಂದ ಮೇಲಕ್ಕೆ ನಡೆದು ಅಡ್ಡಿಯನ್ನು ಕಂಡುಕೊಳ್ಳುತ್ತಾರೆ.

ಇ-ಮೇಲ್ ವಿಷಯದಲ್ಲಿಯೂ ಇದೇ ಕ್ರಮ ಅನುಸರಿಸಬೇಕು. ಕಳುಹಿಸಿದವರ ಪತ್ರ ಮೊದಲು ಸೇವೆ ನೀಡುವ ಸಂಸ್ಥೆಯ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ಬಂದು ನಿಲ್ಲುತ್ತದೆ. ಅದೇ ಜಲಾಶಯ. ಕಚೇರಿಯ ಮೇಲ್ ಪ್ರೋಗ್ರಾಂ ಅಲ್ಲಿಗೆ ಹೋಗಿ, ಹೆಸರು ಮತ್ತು ಪಾಸ್‌ವರ್ಡ್ ತೋರಿಸಿ, ಪತ್ರವನ್ನು ತರುತ್ತದೆ. ತರುವುದಕ್ಕೆ ಎರಡು ಪದ್ಧತಿಗಳಿವೆ. 1984ರಲ್ಲಿ ರೂಪುಗೊಂಡ ‘ಪಾಪ್’ ಪದ್ಧತಿಯು ಪತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತದೆ. 1986ರಲ್ಲಿ ಆರಂಭವಾದ ‘ಐಮ್ಯಾಪ್’ ಪದ್ಧತಿಯು ಪತ್ರವನ್ನು ಸರ್ವರಿನಲ್ಲಿಯೇ ಇರಿಸಿ, ಕಂಪ್ಯೂಟರ್ ಮತ್ತು ಫೋನು ಎರಡರಲ್ಲಿಯೂ ಒಂದೇ ರೀತಿ ತೋರಿಸುತ್ತದೆ.

ಪತ್ರ ಕಳುಹಿಸುವ ದಾರಿ ಇವೆರಡರಿಂದ ಬೇರೆಯಾದುದು. ಆದ್ದರಿಂದ ಕಳುಹಿಸುವುದು ಸರಾಗವಾಗಿ ನಡೆಯುತ್ತಿದ್ದರೂ ಬರುವುದು ನಿಂತಿರಬಹುದು. ‘ನಮ್ಮ ಪತ್ರ ಹೋಗುತ್ತಿದೆ, ಹಾಗಾಗಿ ಎಲ್ಲವೂ ಸರಿಯಾಗಿದೆ’ ಎಂದು ತಿಳಿಯಕೂಡದು. ಅನೇಕ ಕಡೆ ದೋಷ ದಿನಗಟ್ಟಲೆ ಗಮನಕ್ಕೆ ಬಾರದಿರಲು ಇದೇ ಕಾರಣ.

ಮೊದಲು ಮಾಡಬೇಕಾದ ಎರಡು ಪರೀಕ್ಷೆಗಳು

1. ಕಂಪ್ಯೂಟರಿನ ಬ್ರೌಸರಿನಲ್ಲಿ ಅಥವಾ ಫೋನಿನಲ್ಲಿ ಅದೇ ಮೇಲ್ ಖಾತೆಯನ್ನು ನೇರವಾಗಿ ತೆರೆದು ನೋಡಬೇಕು. ಹೊಸ ಪತ್ರಗಳು ಅಲ್ಲಿ ಕಂಡರೆ ಸರ್ವರ್ ಸರಿಯಾಗಿದೆ. ದೋಷ ಕಚೇರಿಯ ಪ್ರೋಗ್ರಾಂ ಅಥವಾ ಕಂಪ್ಯೂಟರಿನಲ್ಲಿದೆ ಎಂದು ತಿಳಿಯಬೇಕು. ತುರ್ತು ಪತ್ರವಿದ್ದರೆ ಅಲ್ಲಿಯೇ ಓದಿ ಉತ್ತರಿಸಬಹುದು. ರಿಪೇರಿಯನ್ನು ಆಮೇಲೆ ನಿಧಾನವಾಗಿ ಮಾಡಿಕೊಳ್ಳಬಹುದು.

2. ಕಚೇರಿಯ ಇಂಟರ್‌ನೆಟ್ ಬಿಟ್ಟು, ಫೋನಿನ ಹಾಟ್‌ಸ್ಪಾಟ್ ಮೂಲಕ ಕಂಪ್ಯೂಟರನ್ನು ಜೋಡಿಸಿ ನೋಡಬೇಕು. ಆಗ ಪತ್ರ ಬಂದರೆ ದೋಷ ಕಚೇರಿಯ ರೂಟರ್ ಅಥವಾ ಲೈನಿನಲ್ಲಿದೆ. ರೂಟರನ್ನು ಆರಿಸಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಹಚ್ಚಬೇಕು.

ಈ ಎರಡು ಪರೀಕ್ಷೆಗಳಿಗೆ ಹತ್ತು ನಿಮಿಷ ಸಾಕು. ಹುಡುಕಾಟದ ಅರ್ಧ ಕೆಲಸ ಇವುಗಳಿಂದಲೇ ಮುಗಿಯುತ್ತದೆ.

ಲಕ್ಷಣ, ಕಾರಣ ಮತ್ತು ಪರಿಹಾರ

ಎಲೆಯ ಮೇಲಿನ ಮಚ್ಚೆ ನೋಡಿ ರೋಗ ಗುರುತಿಸುವಂತೆ, ತೆರೆಯ ಮೇಲೆ ಬರುವ ಸಂದೇಶದಿಂದ ದೋಷವನ್ನು ಗುರುತಿಸಬಹುದು. ಸಂದೇಶವನ್ನು ಓದದೆ ಮುಚ್ಚಬಾರದು. ಅದನ್ನು ಬರೆದಿಟ್ಟುಕೊಳ್ಳಬೇಕು, ಇಲ್ಲವೆ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು.

1. ಸರ್ವರ್ ಸಿಗಲಿಲ್ಲ: ಔಟ್‌ಲುಕ್‌ನಲ್ಲಿ ಇದರ ಸಂಕೇತ 0ಎಕ್ಸ್800ಸಿಸಿಸಿ0ಡಿ. ಸರ್ವರಿನ ಹೆಸರಿನಲ್ಲಿ ಒಂದು ಅಕ್ಷರ ಅಥವಾ ಚುಕ್ಕಿ ತಪ್ಪಿದರೂ ಹೀಗಾಗುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೂ ಇದೇ ಸಂದೇಶ ಬರುತ್ತದೆ. ಸಂಸ್ಥೆ ತನ್ನದೇ ಹೆಸರಿನ ಡೊಮೇನ್ ವಿಳಾಸ ಇಟ್ಟುಕೊಂಡಿದ್ದರೆ ಅದರ ವಾರ್ಷಿಕ ಶುಲ್ಕ ಕಟ್ಟಲಾಗಿದೆಯೇ ಎಂದು ನೋಡಬೇಕು. ನವೀಕರಣ ತಪ್ಪಿದರೆ ಮೇಲ್ ಸಂಪೂರ್ಣ ನಿಂತುಹೋಗುತ್ತದೆ.

2. ಸರ್ವರ್ ಸಂಪರ್ಕ ಆಗಲಿಲ್ಲ: ಸಂಕೇತ 0ಎಕ್ಸ್800ಸಿಸಿಸಿ0ಇ. ಪೋರ್ಟ್ ಸಂಖ್ಯೆ ತಪ್ಪಿರಬಹುದು, ಅಥವಾ ಆ್ಯಂಟಿವೈರಸ್, ಫೈರ್‌ವಾಲ್ ತಡೆದಿರಬಹುದು. ಪೋರ್ಟ್ ಎಂದರೆ ಸರ್ವರಿನ ತೂಬು ಇದ್ದಂತೆ. ಒಂದೊಂದು ಸೇವೆಗೆ ಒಂದೊಂದು ತೂಬು. ಗೂಢಲಿಪಿಯ ರಕ್ಷಣೆಯಿಲ್ಲದ ಹಳೆಯ ಪೋರ್ಟ್‌ಗಳು ಪಾಪ್‌ಗೆ 110, ಐಮ್ಯಾಪ್‌ಗೆ 143. ಈಗ ಬಳಸಬೇಕಾದವು ಪಾಪ್‌ಗೆ 995, ಐಮ್ಯಾಪ್‌ಗೆ 993. ಜೊತೆಗೆ ಎಸ್‌ಎಸ್‌ಎಲ್/ಟಿಎಲ್‌ಎಸ್ ಎಂಬುದನ್ನು ಆರಿಸಿರಬೇಕು. ಆ್ಯಂಟಿವೈರಸ್ ಮೇಲೆ ಸಂಶಯವಿದ್ದರೆ ಅದರಲ್ಲಿರುವ ‘ಮೇಲ್ ಸ್ಕ್ಯಾನ್’ ಒಂದನ್ನು ಮಾತ್ರ ಸ್ವಲ್ಪ ಹೊತ್ತು ನಿಲ್ಲಿಸಿ ಪರೀಕ್ಷಿಸಬೇಕು. ಆ್ಯಂಟಿವೈರಸನ್ನೇ ತೆಗೆದುಹಾಕಬಾರದು.

3. ಪಾಸ್‌ವರ್ಡ್ ಒಪ್ಪಲಿಲ್ಲ: ಸಂಕೇತ 0ಎಕ್ಸ್800ಸಿಸಿಸಿ92. ಪಾಸ್‌ವರ್ಡ್ ಸರಿಯಾಗಿದ್ದರೂ ಪ್ರೋಗ್ರಾಂ ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದರೆ ಗೊಂದಲಪಡಬೇಕಿಲ್ಲ. ಇದಕ್ಕೆ ಕಾರಣ ಸೇವಾ ಸಂಸ್ಥೆಗಳು ತಂದ ಹೊಸ ನಿಯಮ. ಬರಿಯ ಪಾಸ್‌ವರ್ಡಿನಿಂದ ಬೇರೆ ಪ್ರೋಗ್ರಾಂಗಳು ವೈಯಕ್ತಿಕ ಜಿಮೇಲ್ ಖಾತೆಗೆ ಪ್ರವೇಶಿಸುವುದನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಔಟ್‌ಲುಕ್.ಕಾಮ್, ಹಾಟ್‌ಮೇಲ್ ಖಾತೆಗಳಿಗೆ ಮೈಕ್ರೋಸಾಫ್ಟ್ ಇಂಥದೇ ನಿಯಮವನ್ನು 2024ರ ಸೆಪ್ಟೆಂಬರ್ 16ರಿಂದ ಜಾರಿಗೆ ತಂದಿತು. ವರ್ಷಗಟ್ಟಲೆ ಸರಿಯಾಗಿದ್ದ ಹಳೆಯ ಪ್ರೋಗ್ರಾಂ ಒಂದು ದಿನ ಇದ್ದಕ್ಕಿದ್ದಂತೆ ನಿಂತದ್ದು ಅನೇಕ ಕಡೆ ಇದರಿಂದಲೇ.

ಜಿಮೇಲ್‌ಗೆ ಎರಡು ಪರಿಹಾರಗಳಿವೆ. ಮೊದಲನೆಯದು, ಥಂಡರ್‌ಬರ್ಡ್ ಅಥವಾ ಔಟ್‌ಲುಕ್‌ನ ಹೊಸ ಆವೃತ್ತಿ ಹಾಕಿಕೊಂಡು, ಗೂಗಲ್‌ನ ಸ್ವಂತ ಪುಟದ ಮೂಲಕ ಲಾಗಿನ್ ಆಗುವುದು. ಇದು ಉತ್ತಮ ವಿಧಾನ. ಎರಡನೆಯದು, ಖಾತೆಗೆ ಎರಡು ಹಂತದ ಪರಿಶೀಲನೆ ಅಳವಡಿಸಿ, ‘ಆ್ಯಪ್ ಪಾಸ್‌ವರ್ಡ್’ ಎಂಬ 16 ಅಕ್ಷರಗಳ ಪ್ರತ್ಯೇಕ ಪಾಸ್‌ವರ್ಡ್ ಪಡೆದು ಅದನ್ನು ಹಳೆಯ ಪ್ರೋಗ್ರಾಂಗೆ ಕೊಡುವುದು. ಮುಖ್ಯ ಪಾಸ್‌ವರ್ಡ್ ಬದಲಿಸಿದ ಕೂಡಲೇ ಈ ಆ್ಯಪ್ ಪಾಸ್‌ವರ್ಡ್ ರದ್ದಾಗುತ್ತದೆ ಎಂಬುದನ್ನು ನೆನಪಿಡಬೇಕು. ಆಗ ಹೊಸದನ್ನು ಪಡೆಯಬೇಕು. ಔಟ್‌ಲುಕ್.ಕಾಮ್ ಖಾತೆಗೆ ಮೊದಲನೆಯ ವಿಧಾನವನ್ನೇ ಅನುಸರಿಸಬೇಕು.

4. ಸಂಪರ್ಕ ನಡುವೆ ಕಡಿಯಿತು, ಸಮಯ ಮೀರಿತು: ಸಂಕೇತಗಳು 0ಎಕ್ಸ್800ಸಿಸಿಸಿ0ಎಫ್ ಮತ್ತು 0ಎಕ್ಸ್800ಸಿಸಿಸಿ19. ನೆಟ್ ನಿಧಾನವಾಗಿರುವಾಗ ಭಾರಿ ಗಾತ್ರದ ಪತ್ರ ಬಂದಿದ್ದರೆ ಹೀಗಾಗುವುದು ಹೆಚ್ಚು. ರೋಗ ತಗುಲಿದ ಎಲೆಗಳ ಹತ್ತಾರು ಚಿತ್ರಗಳಿರುವ ಒಂದೇ ಪತ್ರ ಅಡ್ಡಲಾಗಿ ಕುಳಿತು, ಅದರ ಹಿಂದಿನ ಪತ್ರಗಳನ್ನೂ ತಡೆಯಬಹುದು. ಬ್ರೌಸರಿನಲ್ಲಿ ಖಾತೆ ತೆರೆದು ಆ ಪತ್ರದ ಚಿತ್ರಗಳನ್ನು ಉಳಿಸಿಕೊಂಡು, ಪತ್ರವನ್ನು ಬೇರೆ ಫೋಲ್ಡರಿಗೆ ಸರಿಸಬೇಕು. ಪಾಪ್ ಬಳಸುವ ಔಟ್‌ಲುಕ್‌ನಲ್ಲಿ ಸರ್ವರಿಗಾಗಿ ಕಾಯುವ ಅವಧಿ ಸಾಮಾನ್ಯವಾಗಿ 1 ನಿಮಿಷ ಇರುತ್ತದೆ. ಅದನ್ನು 10 ನಿಮಿಷದವರೆಗೆ ಹೆಚ್ಚಿಸಬಹುದು.

5. ಪ್ರಮಾಣಪತ್ರದ ದೋಷ: ಸರ್ಟಿಫಿಕೇಟ್ ಎಂಬ ಪದವಿರುವ ಎಚ್ಚರಿಕೆ ಬಂದರೆ ಮೊದಲು ಕಂಪ್ಯೂಟರಿನ ದಿನಾಂಕ ನೋಡಬೇಕು. ಹಳೆಯ ಕಂಪ್ಯೂಟರಿನೊಳಗೆ ಗಡಿಯಾರವನ್ನು ನಡೆಸುವ ಬಿಲ್ಲೆಯಾಕಾರದ ಸಣ್ಣ ಬ್ಯಾಟರಿ ಇರುತ್ತದೆ. ಅದು ಮುಗಿದಿದ್ದರೆ ಪ್ರತಿ ಸಲ ಕರೆಂಟು ಹೋದಾಗಲೂ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಸರ್ವರಿನ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲವೆಂದು ಕಂಪ್ಯೂಟರ್ ಆಗ ತಪ್ಪಾಗಿ ತಿಳಿಯುತ್ತದೆ. ದಿನಾಂಕ ತಿದ್ದಿ, ಬ್ಯಾಟರಿ ಬದಲಿಸಿದರೆ ದೋಷ ಸರಿಹೋಗುತ್ತದೆ. ದಿನಾಂಕ ಸರಿಯಿದ್ದೂ ಎಚ್ಚರಿಕೆ ಬಂದರೆ ‘ಒಪ್ಪಿದೆ’ ಎಂದು ಒತ್ತಬಾರದು. ಸರ್ವರ್ ಹೆಸರು ಮತ್ತು ಆ್ಯಂಟಿವೈರಸ್ ಪರೀಕ್ಷಿಸಬೇಕು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ಅಂತಹ ಕಂಪ್ಯೂಟರಿನಲ್ಲಿ ಈ ತೊಂದರೆ ಮರುಕಳಿಸುತ್ತಿದ್ದರೆ ಬ್ರೌಸರಿನಲ್ಲಿ ಮೇಲ್ ನೋಡುವುದೇ ಲೇಸು.

6. ಪೆಟ್ಟಿಗೆ ಬೇರೆಡೆ ಬಳಕೆಯಲ್ಲಿದೆ: ಪಾಪ್ ಪದ್ಧತಿಯಲ್ಲಿ ಒಂದು ಬಾರಿಗೆ ಒಬ್ಬರು ಮಾತ್ರ ಪೆಟ್ಟಿಗೆ ತೆರೆಯಬಹುದು. ಇಬ್ಬರು ಒಟ್ಟಿಗೆ ತೆರೆದರೆ ಎರಡನೆಯವರಿಗೆ ಈ ಸಂದೇಶ ಬರಬಹುದು. ಕೆಲವು ನಿಮಿಷ ಬಿಟ್ಟು ಪ್ರಯತ್ನಿಸಬೇಕು. ಹಲವರು ಬಳಸುವ ಖಾತೆಗೆ ಐಮ್ಯಾಪ್ ಸೂಕ್ತ.

ನೆನಪಿಡಬೇಕಾದ ಸೆಟ್ಟಿಂಗ್‌ಗಳು

ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ತುಂಬಬೇಕು.

ಜಿಮೇಲ್ (ಐಮ್ಯಾಪ್): ಐಎಂಎಪಿ.ಜಿಮೇಲ್.ಕಾಮ್, ಪೋರ್ಟ್ 993.
ಜಿಮೇಲ್ (ಪಾಪ್): ಪಿಓಪಿ.ಜಿಮೇಲ್.ಕಾಮ್, ಪೋರ್ಟ್ 995. ಪಾಪ್ ಬಳಕೆಗೆ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಕೊಟ್ಟಿರಬೇಕು.
ಯಾಹೂ (ಐಮ್ಯಾಪ್): ಐಎಂಎಪಿ.ಮೇಲ್.ಯಾಹೂ.ಕಾಮ್, ಪೋರ್ಟ್ 993.
ಔಟ್‌ಲುಕ್.ಕಾಮ್ (ಐಮ್ಯಾಪ್): ಔಟ್‌ಲುಕ್.ಆಫೀಸ್365.ಕಾಮ್, ಪೋರ್ಟ್ 993.

ನಿಜವಾಗಿ ಪತ್ರ ಕಳೆದುಹೋಗುವ ಸಂದರ್ಭ

ಮೇಲೆ ಹೇಳಿದ ಹೆಚ್ಚಿನ ದೋಷಗಳಲ್ಲಿ ಪತ್ರ ಸರ್ವರಿನಲ್ಲಿ ಸುರಕ್ಷಿತವಾಗಿರುತ್ತದೆ. ಸರ್ವರೇ ಕೆಲಕಾಲ ಕೆಟ್ಟಿದ್ದರೂ ಕಳುಹಿಸಿದವರ ಕಡೆಯ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮರಳಿ ಮರಳಿ ಪ್ರಯತ್ನಿಸುತ್ತದೆ. ಆದರೆ ಪೆಟ್ಟಿಗೆಯೇ ತುಂಬಿಹೋಗಿದ್ದರೆ ಹೊಸ ಪತ್ರ ಒಳಗೆ ಬಾರದೆ ಕಳುಹಿಸಿದವರಿಗೆ ಹಿಂದಿರುಗುತ್ತದೆ. ಜಲಾಶಯ ತುಂಬಿದ ಮೇಲೆ ಬಂದ ನೀರು ಕೋಡಿ ಬಿದ್ದು ಹೋಗುವಂತೆಯೇ ಇದು.

ಜಿಮೇಲ್‌ನಲ್ಲಿ ಉಚಿತವಾಗಿ ದೊರೆಯುವ ಸ್ಥಳ ಸಾಮಾನ್ಯವಾಗಿ 15 ಜಿಬಿ. ಇದರಲ್ಲಿ ಮೇಲ್ ಮಾತ್ರವಲ್ಲದೆ ಗೂಗಲ್ ಡ್ರೈವ್ ಮತ್ತು ಗೂಗಲ್ ಫೋಟೋಸ್‌ನ ಚಿತ್ರಗಳೂ ಸೇರುತ್ತವೆ. ಕಚೇರಿಯ ಖಾತೆಯನ್ನು ಯಾರಾದರೂ ತಮ್ಮ ಫೋನಿಗೆ ಹಾಕಿಕೊಂಡು, ಮದುವೆಯ ವಿಡಿಯೋಗಳೆಲ್ಲ ಅದರಲ್ಲಿ ಸೇರಿಹೋದರೆ ಕಂಪನಿಯ ಪತ್ರಗಳಿಗೆ ಜಾಗ ಉಳಿಯುವುದಿಲ್ಲ. ತಿಂಗಳಿಗೊಮ್ಮೆ ಉಳಿದಿರುವ ಸ್ಥಳ ನೋಡಿ ಬೇಡದ್ದನ್ನು ಅಳಿಸತಕ್ಕದ್ದು.

ಪಾಪ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ‘ಸರ್ವರಿನಲ್ಲಿ ಒಂದು ಪ್ರತಿ ಬಿಡು’ ಎಂಬ ಆಯ್ಕೆಗೆ ಗುರುತು ಹಾಕದಿದ್ದರೆ, ಒಂದು ಕಂಪ್ಯೂಟರಿಗೆ ಇಳಿದ ಪತ್ರ ಬೇರೆಲ್ಲಿಯೂ ಕಾಣದಿರಬಹುದು. ಆ ಕಂಪ್ಯೂಟರ್ ಕೆಟ್ಟರೆ ಪತ್ರವೂ ಹೋಯಿತು.

ಮಾಡಬಾರದ ಕೆಲಸಗಳು

ಗಾಬರಿಯಿಂದ ಪ್ರೋಗ್ರಾಂನಲ್ಲಿರುವ ಖಾತೆಯನ್ನೇ ಅಳಿಸಿ ಹೊಸದಾಗಿ ಹಾಕುವುದು ಅನೇಕರ ಅಭ್ಯಾಸ. ಹಳೆಯ ಪತ್ರಗಳ ಪ್ರತಿ ತೆಗೆದಿಟ್ಟುಕೊಳ್ಳದೆ ಹೀಗೆ ಮಾಡಕೂಡದು. ಒಂದೇ ಸಲ ನಾಲ್ಕಾರು ಸೆಟ್ಟಿಂಗ್ ಬದಲಿಸಲೂಬಾರದು. ಒಂದನ್ನು ಬದಲಿಸಿ, ಪರೀಕ್ಷಿಸಿ, ಫಲಿಸದಿದ್ದರೆ ಮೊದಲಿನಂತೆ ಇಟ್ಟು ಮುಂದಿನದಕ್ಕೆ ಹೋಗಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಸಿಗುವ ‘ಸಹಾಯವಾಣಿ’ ಸಂಖ್ಯೆಗಳನ್ನು ನಂಬಿ ಪಾಸ್‌ವರ್ಡ್ ಅಥವಾ ಓಟಿಪಿ ಹೇಳಬಾರದು. ಕಂಪ್ಯೂಟರನ್ನು ದೂರದಿಂದ ನಡೆಸುವ ಆ್ಯಪ್ ಹಾಕಿಕೊಳ್ಳಿರೆಂದರೆ ನಿರಾಕರಿಸಬೇಕು. ಹಣಕ್ಕೆ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ನೀಡಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಕ್ಷೇತ್ರ ಭೇಟಿಯ ಸಮಯದಲ್ಲಿ ರೈತ ಸಂಘಗಳ ಕಚೇರಿಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇಡಿಸುವುದು ಉಪಯುಕ್ತ. ಖಾತೆಯ ವಿಳಾಸ, ಸರ್ವರ್ ಹೆಸರು, ಪೋರ್ಟ್, ಡೊಮೇನ್ ನವೀಕರಣದ ದಿನಾಂಕ, ಬಂದ ದೋಷ ಮತ್ತು ಮಾಡಿದ ಪರಿಹಾರ ಇವನ್ನು ಅದರಲ್ಲಿ ಬರೆದಿಡಬೇಕು. ಪಾಸ್‌ವರ್ಡನ್ನು ಮಾತ್ರ ಬರೆಯಬಾರದು. ಖಾತೆಯು ಗುಮಾಸ್ತರ ಸ್ವಂತ ಫೋನ್ ಸಂಖ್ಯೆಗೆ ಮಾತ್ರ ಜೋಡಣೆಯಾಗಿರದೆ, ಜವಾಬ್ದಾರಿಯುತ ಇನ್ನೊಬ್ಬರ ಸಂಖ್ಯೆಯೂ ಅದಕ್ಕೆ ಸೇರಿರಬೇಕು. ಇಲ್ಲವಾದರೆ ಅವರು ಕೆಲಸ ಬಿಟ್ಟ ದಿನ ಖಾತೆಯೂ ಕೈತಪ್ಪುತ್ತದೆ.

ಬಿತ್ತನೆ ಕಾಲದಲ್ಲಿ ಕಚೇರಿ ತೆರೆದ ಕೂಡಲೇ ಬೇರೊಂದು ಖಾತೆಯಿಂದ ಕಚೇರಿಯ ವಿಳಾಸಕ್ಕೆ ಒಂದು ಪರೀಕ್ಷಾ ಪತ್ರ ಕಳುಹಿಸಿ, ಅದು ಬಂತೇ ಎಂದು ನೋಡುವುದು ಒಳ್ಳೆಯ ರೂಢಿ. ನಾಲೆಗೆ ನೀರು ಬಿಡುವ ಮೊದಲೇ ಹೊಲಗಾಲುವೆ ಸರಿಮಾಡಿಟ್ಟುಕೊಂಡ ರೈತನ ಗದ್ದೆಗೆ ನೀರು ಸಕಾಲದಲ್ಲಿ ತಲುಪುತ್ತದೆ. ರೈತ ಬಾಂಧವರು ಇ-ಮೇಲ್ ವಿಷಯದಲ್ಲಿಯೂ ಇದೇ ಮುಂಜಾಗ್ರತೆ ವಹಿಸಿದರೆ, ಕೈಗೆ ಬರಬೇಕಾದ ಪತ್ರ ತಡವಾಗಿ ಬೆಳೆಗೆ ನಷ್ಟವಾಗುವುದನ್ನು ತಪ್ಪಿಸಬಹುದು.