ಪ್ರೊಸೆಸರ್ ಬದಲಿಸುವ ಮುನ್ನ ಬಯೋಸ್ ನೋಡಿ

"ಕಂಪ್ಯೂಟರ್ ತುಂಬಾ ನಿಧಾನ, ಹೊಸ ಪ್ರೊಸೆಸರ್ ಹಾಕಿದರೆ ಸಾಕಲ್ಲವೇ?" ಎಂದು ತರಗತಿಯಲ್ಲಿ ಹಲವರು ನನ್ನನ್ನು ಕೇಳುತ್ತಾರೆ. ರಜೆಯಲ್ಲಿ ಮಧುಗಿರಿಯ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಕಲಿತಿರುವುದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸ ಕಂಪ್ಯೂಟರ್ ಕೊಳ್ಳುವುದು ನಮ್ಮಂಥ ಮನೆಗಳಿಗೆ ಸುಲಭವಲ್ಲ. ಪ್ರೊಸೆಸರ್ ಮಾತ್ರ ಬದಲಿಸಿದರೆ ಹಣ ಉಳಿಯುತ್ತದೆ, ನಿಜ. ಆದರೆ ಕ್ರಮ ತಪ್ಪಿದರೆ ಇರುವ ಮದರ್‌ಬೋರ್ಡೂ ಕೆಡಬಹುದು.

ಬಯೋಸ್ ಎಂದರೇನು?

ಮದರ್‌ಬೋರ್ಡ್ ಮೇಲಿನ ಒಂದು ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿರುವ ತಂತ್ರಾಂಶವೇ ಬಯೋಸ್. ಈಗಿನ ಬೋರ್ಡ್‌ಗಳಲ್ಲಿ ಇರುವುದು ಯುಇಎಫ್‌ಐ. ರೂಢಿಯಲ್ಲಿ ಅದನ್ನೂ ಬಯೋಸ್ ಎಂದೇ ಕರೆಯುತ್ತೇವೆ. ಪವರ್ ಬಟನ್ ಒತ್ತಿದಾಗ ವಿಂಡೋಸ್‌ಗಿಂತ ಮೊದಲು ಎದ್ದು ಪ್ರೊಸೆಸರ್, ರ‍್ಯಾಮ್, ಡಿಸ್ಕ್‌ಗಳನ್ನು ಗುರುತಿಸಿ ಸಿದ್ಧಪಡಿಸುವುದು ಇದೇ. ಬೋರ್ಡ್ ತಯಾರಾದ ನಂತರ ಬಂದ ಪ್ರೊಸೆಸರ್‌ನ ವಿವರ ಹಳೆಯ ಬಯೋಸ್‌ನಲ್ಲಿ ಇರುವುದಿಲ್ಲ. ಆಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ.

ಸಾಕೆಟ್ ಹೊಂದಿದರೆ ಸಾಲದು

ಎಎಂಡಿಯ ಮೊದಲ ರೈಜೆನ್ ಪ್ರೊಸೆಸರ್‌ಗಳು ಬಂದದ್ದು 2017ರಲ್ಲಿ. ರೈಜೆನ್ 5000 ಸರಣಿ ಬಂದದ್ದು 2020ರ ನವೆಂಬರ್‌ನಲ್ಲಿ. ಎರಡಕ್ಕೂ ಎಎಂ4 ಸಾಕೆಟ್ಟೇ. ಆದರೂ ಹಳೆಯ ಬಯೋಸ್ ಇರುವ ಬಿ450 ಬೋರ್ಡ್‌ನಲ್ಲಿ 5000 ಸರಣಿ ನಡೆಯಬೇಕಾದರೆ ಅಪ್‌ಡೇಟ್ ಬೇಕು.

ಇಂಟೆಲ್‌ನಲ್ಲಿ 6ನೇ ತಲೆಮಾರಿನ ಎಚ್110 ಬೋರ್ಡ್‌ಗೆ ಬಯೋಸ್ ಅಪ್‌ಡೇಟ್ ಮಾಡಿ 7ನೇ ತಲೆಮಾರಿನ ಪ್ರೊಸೆಸರ್ ಹಾಕಬಹುದು. 8ನೇ ತಲೆಮಾರಿನದಕ್ಕೂ ಸಾಕೆಟ್ ಹೆಸರು 1151ರೇ. ಆದರೆ ಕಂಪನಿ ಅದಕ್ಕೆ 300 ಸರಣಿಯ ಚಿಪ್‌ಸೆಟ್ಟನ್ನೇ ನಿಗದಿ ಮಾಡಿದೆ. ಅಲ್ಲಿ ಬಯೋಸ್ ಅಪ್‌ಡೇಟ್ ನೆರವಿಗೆ ಬರದು.

ಕೆಲಸದ ಕ್ರಮ

1. ವಿಂಡೋಸ್‌ನಲ್ಲಿ 'ಎಂಎಸ್‌ಇನ್ಫೋ32' ತೆರೆದರೆ ಬಯೋಸ್ ಆವೃತ್ತಿ ಮತ್ತು ದಿನಾಂಕ ಸಿಗುತ್ತದೆ. ಬೋರ್ಡ್ ಮೇಲೆ ಅಚ್ಚಾಗಿರುವ ಮಾದರಿ, ರಿವಿಷನ್ ಸಂಖ್ಯೆಗಳನ್ನೂ ಬರೆದುಕೊಳ್ಳಿ.

2. ಬೋರ್ಡ್ ಕಂಪನಿಯ ಜಾಲತಾಣದ ಪ್ರೊಸೆಸರ್ ಪಟ್ಟಿಯಲ್ಲಿ ನಿಮಗೆ ಬೇಕಾದ ಪ್ರೊಸೆಸರ್ ಇದೆಯೇ, ಯಾವ ಬಯೋಸ್ ಆವೃತ್ತಿಯಿಂದ ನಡೆಯುತ್ತದೆ ಎಂದು ನೋಡಿ. ಹಣ ಕೊಡುವುದು ಆಮೇಲೆ.

3. ಮುಖ್ಯ ಕಡತಗಳ ಪ್ರತಿ ತೆಗೆದಿಡಿ. ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡು, ತಾತ್ಕಾಲಿಕವಾಗಿ ನಿಲ್ಲಿಸಿ. ಇಲ್ಲವಾದರೆ ಅಪ್‌ಡೇಟ್ ಆದ ಮೇಲೆ ಅದು ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡಿಸ್ಕ್ ತೆರೆಯದು.

4. ಹಳೆಯ ಪ್ರೊಸೆಸರ್ ಬೋರ್ಡ್‌ನಲ್ಲಿ ಇರುವಾಗಲೇ ಅಪ್‌ಡೇಟ್ ಮಾಡಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ನೆನಪಿಡಿ. ಫೈಲನ್ನು ಫ್ಯಾಟ್32 ಪೆನ್‌ಡ್ರೈವ್‌ಗೆ ಹಾಕಿ, ಬಯೋಸ್‌ನೊಳಗಿನ ಫ್ಲ್ಯಾಶ್ ಸೌಲಭ್ಯದಿಂದಲೇ ನಡೆಸಿ. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಮಾಡುವ 'ಫ್ಲ್ಯಾಶ್‌ಬ್ಯಾಕ್' ಬಟನ್ ಇರುತ್ತದೆ.

5. ಅಪ್‌ಡೇಟ್ ಆದ ಮೇಲೆ ಹಳೆಯ ಪ್ರೊಸೆಸರ್‌ನಲ್ಲೇ ಒಮ್ಮೆ ಬೂಟ್ ಮಾಡಿ, ಹೊಸ ಆವೃತ್ತಿ ಕಾಣುತ್ತಿದೆಯೇ ನೋಡಿ. ನಂತರ ಸ್ವಿಚ್ ಆಫ್ ಮಾಡಿ ಪ್ರೊಸೆಸರ್ ಬದಲಿಸಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿ.

ಆವೃತ್ತಿಯ ಟಿಪ್ಪಣಿಯನ್ನೂ ಪೂರ್ತಿ ಓದಿ. ಆರಂಭದ ಎಎಂ4 ಬೋರ್ಡ್‌ಗಳಲ್ಲಿ ಅನೇಕವಕ್ಕೆ 16 ಎಂಬಿ ಚಿಪ್ ಮಾತ್ರ ಇತ್ತು. ಹೊಸ ಪ್ರೊಸೆಸರ್‌ಗಳಿಗೆ ಜಾಗ ಮಾಡಲು ಕೆಲವು ಆವೃತ್ತಿಗಳಲ್ಲಿ ಹಳೆಯವನ್ನು ಕೈಬಿಡಲಾಗಿದೆ. ಅಂಥ ಕಡೆ ಹಿಂದಕ್ಕೆ ಬರುವ ದಾರಿ ಇರದು.

ಕರೆಂಟಿನ ಮಾತು

ಚಿಪ್‌ನಲ್ಲಿರುವುದನ್ನು ಅಳಿಸಿ ಹೊಸದನ್ನು ಬರೆಯುವಾಗ ಕರೆಂಟ್ ಹೋದರೆ ಅರ್ಧ ಬರೆದ ಬಯೋಸ್ ಉಳಿಯುತ್ತದೆ, ಕಂಪ್ಯೂಟರ್ ಏಳುವುದಿಲ್ಲ. ಚಿಪ್ಪನ್ನು ಪ್ರೋಗ್ರಾಮರ್ ಉಪಕರಣದಿಂದ ಮತ್ತೆ ಬರೆಯಬೇಕಾಗುತ್ತದೆ. ದೊಡ್ಡೇರಿ ಕಡೆಯ ಹಳ್ಳಿಗಳಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಹಾಗಾಗಿ ಬ್ಯಾಟರಿ ಚೆನ್ನಾಗಿರುವ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗುಡುಗು ಮಳೆಯ ದಿನವಂತೂ ಬೇಡವೇ ಬೇಡ.

ಕೊನೆಯದಾಗಿ, ನಿಧಾನಕ್ಕೆ ಪ್ರೊಸೆಸರ್ರೇ ಕಾರಣವೆಂದು ಖಚಿತಪಡಿಸಿಕೊಳ್ಳಿ. ಇನ್ನೂ ಹಾರ್ಡ್ ಡಿಸ್ಕ್‌ನಿಂದಲೇ ವಿಂಡೋಸ್ ನಡೆಯುತ್ತಿದ್ದರೆ ಎಸ್‌ಎಸ್‌ಡಿ ಹಾಕಿಸಿದರೆ ಸಾಕಾಗಬಹುದು. ಅದಕ್ಕೆ ಸಾಮಾನ್ಯವಾಗಿ ಬಯೋಸ್ ಮುಟ್ಟುವ ಅಗತ್ಯವೇ ಬರುವುದಿಲ್ಲ.