ಪಹಣಿಯಲ್ಲಿ ಹೆಣ್ಣುಮಕ್ಕಳ ಹೆಸರು

ನಾಟಿ, ಕಳೆ, ಕೊಯ್ಲು, ಬಿತ್ತನೆ ಬೀಜದ ಜೋಪಾನ, ಇವುಗಳಲ್ಲಿ ಬಹುಭಾಗವು ಹೆಂಗಸರ ಕೈಯಿಂದಲೇ ನಡೆಯುವುದೆಂಬುದು ಹಿಡುವಳಿದಾರರೆಲ್ಲರಿಗೂ ವಿದಿತವಾದ ಸಂಗತಿಯು. ಹೀಗಿದ್ದರೂ ಭಾರತದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರವು 2010-11ರ ಕೃಷಿ ಗಣತಿಯಲ್ಲಿ ನೂರಕ್ಕೆ ಸುಮಾರು 13 ಇದ್ದು, 2015-16ರಲ್ಲಿ ಸುಮಾರು 14 ಆದುವು. ಈ ವೇಗವು ಮೆಚ್ಚತಕ್ಕದ್ದಲ್ಲ. ಭೂದಾಖಲೆಗಳುಳ್ಳ ಸೀಮೆಗಳಲ್ಲಿ ಗಣತಿಯು ಆ ದಾಖಲೆಗಳಿಂದಲೇ ತಯಾರಾಗುವುದರಿಂದ, ಪಹಣಿಯಲ್ಲಿ ಬಿಟ್ಟುಹೋದ ಹೆಸರು ಲೆಕ್ಕದಲ್ಲಿಯೂ ಬಿಟ್ಟುಹೋಗುವುದು.

ಕಾನೂನಿನ ಕೊರತೆಯೇನೂ ಇಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು 2005ರ ತಿದ್ದುಪಡಿಯಿಂದ ಉಂಟಾಗಿರುತ್ತದೆ. ಮದುವೆಯಾಗಿ ಹೋದವಳಿಗೂ ಉಂಟು. ತೊಡಕು ಇರುವುದು ಪೌತಿ ಖಾತೆಯ ಕಾಲದಲ್ಲಿ. ಯಜಮಾನನು ತೀರಿಹೋದಮೇಲೆ ವಂಶವೃಕ್ಷದಲ್ಲಿ ಗಂಡುಮಕ್ಕಳನ್ನು ಮಾತ್ರ ಬರೆಯಿಸುವುದು, ಅಕ್ಕತಂಗಿಯರಿಂದ ಅರಿಶಿನ ಕುಂಕುಮದ ಹೆಸರಿನಲ್ಲಿ ಹಕ್ಕುಬಿಡುಗಡೆ ಪತ್ರ ಪಡೆಯುವುದು ಎಷ್ಟೋ ಮನೆಗಳಲ್ಲಿ ರೂಢಿ. ಹೆಸರಿಲ್ಲದ ವಿಧವೆಗೆ ಬೆಳೆಸಾಲ ಹುಟ್ಟುವುದು ಕಷ್ಟ. 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ವಾರ್ಷಿಕ 6000 ರೂಪಾಯಿಯೂ ಭೂದಾಖಲೆಯನ್ನೇ ಅನುಸರಿಸತಕ್ಕದ್ದು.

ಆದಕಾರಣ ಊರ ಮುಖಂಡರು ಪೌತಿಯ ಅರ್ಜಿಗೆ ಸಾಕ್ಷಿ ಹಾಕುವ ಮುನ್ನ ವಂಶವೃಕ್ಷವನ್ನು ಗಟ್ಟಿಯಾಗಿ ಓದಿಸಿ, ಹೆಂಡತಿಯೂ ಹೆಣ್ಣುಮಕ್ಕಳೂ ಅದರಲ್ಲಿ ಸೇರಿರುವರೇ ಎಂದು ಆ ಹೆಂಗಸರ ಸಮಕ್ಷಮದಲ್ಲಿಯೇ ವಿಚಾರಿಸತಕ್ಕದ್ದು.